ಬೊಲೊನ್ಯಾದ ಭಾವಚಿತ್ರಗಳ ಗೋಡೆ

ಇಟಲಿಯ ಬೊಲೊನ್ಯಾ ನಗರದ ನೆಪ್ಚೂನ್ ಚೌಕದಲ್ಲಿ, ಅಕ್ಕೂರ್ಸಿಯೊ ಅರಮನೆಯ ಗೋಡೆಯ ಮೇಲೆ ಸುಮಾರು 2,000 ಭಾವಚಿತ್ರಗಳಿವೆ. ಎರಡನೆಯ ಮಹಾಯುದ್ಧದಲ್ಲಿ ನಾಜಿ ಸೇನೆಯನ್ನೂ ಅದರ ಜೊತೆಗಿದ್ದ ಇಟಲಿಯ ಫ್ಯಾಸಿಸ್ಟರನ್ನೂ ಎದುರಿಸಿ ಮಡಿದ ಪಾರ್ತಿಜಾನರ, ಅಂದರೆ ಪ್ರತಿರೋಧ ಹೋರಾಟಗಾರರ, ಸ್ಮಾರಕವಿದು.

1943ರ ಸೆಪ್ಟೆಂಬರಿನಲ್ಲಿ ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಬೆನ್ನಲ್ಲೇ ಜರ್ಮನ್ ಸೇನೆ ದೇಶದ ಉತ್ತರ ಮತ್ತು ಮಧ್ಯಭಾಗವನ್ನು ಹಿಡಿದುಕೊಂಡಿತು. ಬೊಲೊನ್ಯಾ ಪ್ರಾಂತ್ಯದಲ್ಲಿ ಪ್ರತಿರೋಧಕ್ಕೆ ಇಳಿದವರು 14,425 ಮಂದಿ. ಅವರಲ್ಲಿ 2,212 ಮಹಿಳೆಯರು. 1944ರ ಬೇಸಿಗೆಯಿಂದ ಫ್ಯಾಸಿಸ್ಟರು ಸೆರೆಸಿಕ್ಕವರನ್ನು ಇದೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕತೊಡಗಿದರು. ಊರಿನ ನಟ್ಟನಡುವೆ ಕೊಂದದ್ದು ಜನ ನೋಡಿ ಹೆದರಲೆಂದೇ. ಶವಗಳನ್ನು ಅಲ್ಲೇ ಬಿಟ್ಟು, ಇದು ಪಾರ್ತಿಜಾನರು ದಣಿವಾರಿಸಿಕೊಳ್ಳುವ ತಾಣವೆಂದು ಅಣಕದ ಫಲಕವನ್ನೂ ಹಾಕಿದ್ದರು.

1945ರ ಏಪ್ರಿಲ್ 21ರಂದು ನಗರ ಬಿಡುಗಡೆಯಾಯಿತು. ಕೂಡಲೇ ಹೆಂಗಸರು ಗೋಡೆಯ ಬಳಿ ಬರತೊಡಗಿದರು. ತಾಯಿ ಮಗನ ಚಿತ್ರ ತಂದಳು, ಹೆಂಡತಿ ಗಂಡನದು, ತಂಗಿ ಅಣ್ಣನದು. ಚಿತ್ರ ಅಂಟಿಸಿ ಹೂವಿಟ್ಟರು. ಯಾವ ಅಧಿಕಾರಿಯೂ ಹೇಳಿರಲಿಲ್ಲ, ಯಾವ ಶಿಲ್ಪಿಯೂ ನಕ್ಷೆ ಬರೆದಿರಲಿಲ್ಲ. ಬೇರೆಡೆ ಕಾದಾಡುತ್ತ ಸತ್ತವರ ಮುಖಗಳೂ ಇಲ್ಲಿಗೇ ಬಂದು ಸೇರಿದವು. ಕೊಂದವರು ಅವಮಾನಕ್ಕೆಂದು ಆಯ್ದ ಜಾಗವನ್ನು ತಾಯಂದಿರು ಹೀಗೆ ಗೌರವದ ಜಾಗವಾಗಿಸಿದರು. ಈ ಸ್ಮಾರಕದ ನಿಜವಾದ ಹಿರಿಮೆ ಇದೇ. ನಗರಾಡಳಿತ ಅದಕ್ಕೆ ಶಾಶ್ವತ ರೂಪ ಕೊಟ್ಟದ್ದು ಆಮೇಲೆ, 1950ರ ದಶಕದಲ್ಲಿ.

ಗೋಡೆಯ ಮೇಲಿನ ಮುಖಗಳಲ್ಲಿ ಇರ್ಮಾ ಬಂದಿಯೇರಾಳದೂ ಒಂದು. 1944ರ ಆಗಸ್ಟಿನಲ್ಲಿ ಸೆರೆಸಿಕ್ಕ ಅವಳನ್ನು ದಿನಗಟ್ಟಲೆ ಹಿಂಸಿಸಿದರೂ ಸಂಗಾತಿಗಳ ಹೆಸರು ಅವಳ ಬಾಯಿಂದ ಹೊರಡಲಿಲ್ಲ. ಆಗಸ್ಟ್ 14ರಂದು ಕೊಂದು, ಹೆಣವನ್ನು ಅವಳ ಮನೆಯ ಹತ್ತಿರದ ಬೀದಿಯಲ್ಲೇ ಎಸೆದರು. ಆಗ ಅವಳಿಗೆ 29 ವರ್ಷ. ಮರಣಾನಂತರ ಅವಳಿಗೆ ಶೌರ್ಯದ ಚಿನ್ನದ ಪದಕ ಸಂದಿತು.

ನಗರದಲ್ಲಿ ಬೇರೆ ಸ್ಮಾರಕಗಳೂ ಇವೆ. ಪೋರ್ತಾ ಲಾಮೆ ಹೆಬ್ಬಾಗಿಲ ಬಳಿ ನಿಂತ ಇಬ್ಬರು ಹೋರಾಟಗಾರರ ಪ್ರತಿಮೆಗಳನ್ನು ಶಿಲ್ಪಿ ಲೂಚಾನೊ ಮಿಂಗುತ್ಸಿ ಎರಕಹೊಯ್ದದ್ದು ಮುಸ್ಸೊಲಿನಿಯ ಅಶ್ವಾರೂಢ ವಿಗ್ರಹದ ಕಂಚಿನಿಂದ, ಅವುಗಳಲ್ಲೊಂದು ಹೆಣ್ಣಿನದು. ಚೆರ್ತೋಸಾ ಸ್ಮಶಾನದಲ್ಲಿ ವಾಸ್ತುಶಿಲ್ಪಿ ಪಿಯೇರೊ ಬೊತ್ತೋನಿ ರೂಪಿಸಿದ ಅಸ್ಥಿಸ್ಮಾರಕ 1959ರಲ್ಲಿ ಉದ್ಘಾಟನೆಯಾಯಿತು. ಹೋರಾಡಿ ಮಡಿದ ಮಹಿಳೆಯರಿಗೇ ಮೀಸಲಾದ ಸ್ಮಾರಕ ಮಾತ್ರ ವಿಲ್ಲಾ ಸ್ಪಾದಾ ಉದ್ಯಾನದಲ್ಲಿ ತಲೆಯೆತ್ತಿದ್ದು 1975ರಲ್ಲಿ. ಅಲ್ಲಿ 128 ಹೆಸರುಗಳಿವೆ. ಮೊದಲ ಸ್ಮಾರಕವನ್ನು ಹೆಂಗಸರೇ ಕಟ್ಟಿದ ಊರಿನಲ್ಲಿ ಅವರ ಸರದಿಗೆ ಮೂವತ್ತು ವರ್ಷ ಹಿಡಿದದ್ದು ನ್ಯಾಯವಾಗಿರಲಿಲ್ಲ.