ಸಾವಿರ ವರ್ಷ ಬಾಳಬೇಕಾದ ಮೊಳೆ

ಜಪಾನಿನ ಹಳೆಯ ಬೌದ್ಧ ದೇಗುಲಗಳಲ್ಲಿ ಮೊಳೆಯೇ ಇಲ್ಲ, ಎಲ್ಲವೂ ಮರದ ಕೂಡುಗಳ ಮೇಲೇ ನಿಂತಿದೆ ಎಂಬ ಮಾತನ್ನು ಬಹಳ ಜನ ನಂಬಿದ್ದಾರೆ. ಅದು ಅರ್ಧ ನಿಜ. ಭಾರ ಹೊರುವುದು ಕೂಡುಗಳೇ, ಆದರೆ ಸೂರಿನ ಜಂತೆ, ಹಲಗೆಗಳನ್ನು ಹಿಡಿದಿಟ್ಟಿರುವುದು ಕುಲುಮೆಯಲ್ಲಿ ಬಡಿದ ‘ವಾಕುಗಿ’ ಎಂಬ ಮೊಳೆ. ಕಟ್ಟಡ ಎಷ್ಟು ಕಾಲ ಬಾಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಮೊಳೆ ಆರಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ನಾರಾ ಸೀಮೆಯ ಹೊರ್ಯೂಜಿಯ ಜೀರ್ಣೋದ್ಧಾರ 1934ರಲ್ಲಿ ಶುರುವಾಗಿ ಮರಗೆಲಸವನ್ನೆಲ್ಲ ಬಿಚ್ಚಿದಾಗ, ಮೊದಲು ಕಟ್ಟಿದ ಕಾಲದ ಮೊಳೆಗಳು ಇನ್ನೂ ಗಟ್ಟಿಯಾಗಿದ್ದವು. ಆ ದೇಗುಲದ ವಂಶಪಾರಂಪರ್ಯ ಬಡಗಿ ನಿಶಿಯೋಕಾ ತ್ಸುನೆಕಾಜು ಮುಂದೆ ಯಾಕುಶಿಜಿ ಎಂಬ ಇನ್ನೊಂದು ದೇಗುಲದಲ್ಲಿ, 1528ರಲ್ಲಿ ಸುಟ್ಟುಹೋಗಿದ್ದ ಪಶ್ಚಿಮ ಗೋಪುರವನ್ನು ಮತ್ತೆ ಕಟ್ಟುವಾಗ, ಹಿನೋಕಿ ಎಂಬ ಜಪಾನಿ ಸೈಪ್ರಸ್ ಮರದಷ್ಟೇ ಬಾಳುವ ಮೊಳೆ ಬೇಕೆಂದರು. 1981ರಲ್ಲಿ ಮುಗಿದ ಆ ಗೋಪುರಕ್ಕೆ ಸಾವಿರಾರು ಮೊಳೆಗಳನ್ನು ಬಡಿದುಕೊಟ್ಟವರು ಮತ್ಸುಯಾಮಾದ ಕಮ್ಮಾರ ಶಿರಾತಾಕಾ ಯುಕಿನೋರಿ.

ವಾಕುಗಿಯನ್ನು ಕೈಯಲ್ಲಿ ಹಿಡಿದರೆ ಅಂಗಡಿಯ ಮೊಳೆಗೂ ಅದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ. ಅಂಗಡಿಯದು ತಂತಿ ಎಳೆದು ಕತ್ತರಿಸಿದ್ದು: ದುಂಡಗೆ, ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಇದು ಚೌಕ, ತುದಿಯತ್ತ ಸಣ್ಣಗಾಗುತ್ತ ಹೋಗುತ್ತದೆ. ಒಳಗೆ ಇಳಿಯುವಾಗ ಒತ್ತರಿಸಿದ ಮರದ ನಾರುಗಳು ಮೆಲ್ಲಗೆ ಹಿಂದಿರುಗಿ ಅದನ್ನು ಅಮುಕಿ ಹಿಡಿಯುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚಿನದೆನಿಸುವುದು ಹದ. ಕಬ್ಬಿಣ ಅತಿ ಗಡಸಾದರೆ ಗಂಟು ಸೀಳುತ್ತದೆ, ಅತಿ ಮೆದುವಾದರೆ ಮೊಳೆಯೇ ಮುದುಡುತ್ತದೆ. ಹದವಾಗಿದ್ದರೆ ಗಂಟನ್ನು ಬಳಸಿಕೊಂಡು ಒಳಗೊಳಗೇ ಬಾಗಿ ಮುಂದೆ ಸಾಗುತ್ತದೆ. ಅದಕ್ಕಾಗಿಯೇ ಶಿರಾತಾಕಾ ಕಲ್ಮಶ ತೀರಾ ಕಡಿಮೆಯಿರುವ ಕಬ್ಬಿಣವನ್ನು ಹುಡುಕಿ ತರಿಸಿದರು.

ಇಷ್ಟು ಶ್ರಮ ಯಾಕೆ, ಸ್ಕ್ರೂ ಇನ್ನೂ ಬಿಗಿಯಾಗಿ ಹಿಡಿಯುವುದಿಲ್ಲವೇ ಎಂದು ಕೇಳಬಹುದು. ಹಿಡಿಯುತ್ತದೆ, ಹೊಸ ಮನೆಗೆ ಅದೇ ಸರಿ. ಆದರೆ ಇಂಥ ದೇಗುಲಗಳನ್ನು ಕೆಲವು ಶತಮಾನಗಳಿಗೊಮ್ಮೆ ಬಿಚ್ಚಿ ಜೋಡಿಸುತ್ತಾರೆ. ತಲೆಯ ಸೀಳು ತುಕ್ಕಿನಿಂದ ತುಂಬಿದ ಸ್ಕ್ರೂ ಆಗ ಮರವನ್ನು ಕಿತ್ತುಕೊಂಡೇ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಲ್ಲ ಎಂದರೆ, ಆ ಲೋಹ ಹುಟ್ಟಿಯೇ ಸುಮಾರು ನೂರು ವರ್ಷ. ಹೊರ್ಯೂಜಿಯ ಮೊಳೆ ಹದಿಮೂರು ಶತಮಾನಗಳ ಪರೀಕ್ಷೆ ದಾಟಿದೆ. ಬೆಲೆ ಹೆಚ್ಚೆಂಬ ಆಕ್ಷೇಪ ಮಾತ್ರ ನಿಜ, ಎಲ್ಲ ಕೆಲಸಕ್ಕೂ ವಾಕುಗಿ ಬೇಕೆಂಬುದು ನನ್ನ ವಾದವೂ ಅಲ್ಲ. ಕಾಂಕ್ರೀಟಿನ ಸೆಂಟ್ರಿಂಗ್ ಹಲಗೆಗೆಂದೇ ಎರಡು ತಲೆಯ ಮೊಳೆಯೊಂದಿದೆ: ಕೆಳಗಿನ ತಲೆ ಹಲಗೆಗೆ ತಾಗಿ ನಿಲ್ಲುತ್ತದೆ, ಮೇಲಿನದು ಹೊರಗೇ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಸುಲಭವಾಗಿ ಕೀಳಲೆಂದೇ ಮಾಡಿದ ಅದೂ ಅಷ್ಟೇ ವಿವೇಕದ ಮೊಳೆ.