ಹಾಲಿಗಾಗಿ ಮೇಕೆ ಸಾಕಾಣಿಕೆ: ಅರ್ಜಿದಾರರ ಗಮನಕ್ಕೆ

ಮುದ್ದೇನಹಳ್ಳಿ ಹಾಗೂ ನಂದಿಬೆಟ್ಟದ ಸುತ್ತಲಿನ ಗ್ರಾಮಗಳಲ್ಲಿ ಮೇಕೆಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕಲಾಗುತ್ತಿದೆ. ಈ ಬೆಟ್ಟದ ಹೆಸರನ್ನೇ ಹೊಂದಿರುವ ನಂದಿದುರ್ಗ ತಳಿಯೂ ಮಾಂಸದ ತಳಿಯೇ ಆಗಿರುತ್ತದೆ. ಹಾಲು ಮಾರಾಟದ ಉದ್ದೇಶದಿಂದ ಮೇಕೆ ಘಟಕ ಸ್ಥಾಪಿಸಲು ಸಾಲ ಅಥವಾ ಸಹಾಯಧನ ಕೋರುವವರು ಈ ಕೆಳಕಂಡ ಅಂಶಗಳನ್ನು ಮೊದಲು ಗಮನಿಸುವುದು.

1. ತಳಿ: ಉತ್ತರ ಪ್ರದೇಶದ ಜಮುನಾಪಾರಿ ಮತ್ತು ಪಂಜಾಬಿನ ಬೀಟಲ್ ಹಾಲಿಗೆ ಹೆಸರಾದ ತಳಿಗಳು. ಉತ್ತಮ ಪೋಷಣೆಯಲ್ಲಿ ಇವು ದಿನಕ್ಕೆ ಸುಮಾರು ಒಂದರಿಂದ ಎರಡು ಲೀಟರ್ ಹಾಲು ಕೊಡುತ್ತವೆ.

2. ಹಾಲಿನ ಲೆಕ್ಕ: ಯೋಜನಾ ವರದಿಯಲ್ಲಿ ವರ್ಷದ 365 ದಿನವೂ ಹಾಲು ದೊರೆಯುವುದೆಂದು ತೋರಿಸುವುದು ಸರಿಯಲ್ಲ. ಮೇಕೆಯ ಗರ್ಭಾವಧಿ ಸುಮಾರು 150 ದಿನಗಳು. ಹಾಲು ಕೊಡುವ ಅವಧಿ ಸುಮಾರು ಆರು ತಿಂಗಳು. ಉದಾಹರಣೆಗೆ, ದಿನಕ್ಕೆ ಒಂದೂವರೆ ಲೀಟರಿನಂತೆ 180 ದಿನಗಳಿಗೆ 270 ಲೀಟರ್ ಆಗುತ್ತದೆ. ಮರಿಗೆ ದಿನಕ್ಕೆ ಅರ್ಧ ಲೀಟರಿನಂತೆ 90 ದಿನಗಳ ಹಾಲು ಕಳೆದರೆ ಮಾರಾಟಕ್ಕೆ ಉಳಿಯುವುದು 225 ಲೀಟರ್ ಮಾತ್ರ. 365 ದಿನಗಳ ಲೆಕ್ಕದಲ್ಲಿ ಇದೇ 547 ಲೀಟರ್ ದಾಟುತ್ತದೆ. ಸಾಲದ ಕಂತನ್ನು ಇಂತಹ ಲೆಕ್ಕದ ಮೇಲೆ ನಿಗದಿಪಡಿಸಿಕೊಂಡಲ್ಲಿ ಮರುಪಾವತಿ ಕಷ್ಟವಾಗುತ್ತದೆ.

3. ಮರಿ: ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುವುದು. ಮರಿಗಳ ಮಾರಾಟವೂ ಘಟಕದ ಆದಾಯವೇ ಆದುದರಿಂದ ಅವುಗಳ ಪಾಲಿನ ಹಾಲನ್ನು ಕಡಿತಗೊಳಿಸಬಾರದು.

4. ಮೇವು ಮತ್ತು ಆರೋಗ್ಯ: ಹಿಪ್ಪುನೇರಳೆ ಸೊಪ್ಪು ಉತ್ತಮ ಮೇವು. ಆದರೆ ಕೀಟನಾಶಕ ಸಿಂಪಡಿಸಿದ ಸೊಪ್ಪನ್ನಾಗಲಿ, ಸೋಂಕುನಿವಾರಕ ಪುಡಿ ಅಥವಾ ಸುಣ್ಣ ಬಿದ್ದ ರೇಷ್ಮೆಹುಳು ಹಾಸಿಗೆಯ ಉಳಿಕೆಯನ್ನಾಗಲಿ ಕೊಡಬಾರದು. ಪಿ.ಪಿ.ಆರ್. ಮತ್ತು ಕರುಳುಬೇನೆ ಲಸಿಕೆಗಳನ್ನು ಹತ್ತಿರದ ಪಶುವೈದ್ಯರ ಸಲಹೆಯಂತೆ ಹಾಕಿಸತಕ್ಕದ್ದು.

5. ಬಳಕೆ ಮತ್ತು ಮಾರಾಟ: ಹಾಲನ್ನು ಕಾಯಿಸಿಯೇ ಬಳಸಬೇಕು. ಫೋಲಿಕ್ ಆಮ್ಲ ಕಡಿಮೆ ಇರುವುದರಿಂದ ಒಂದು ವರ್ಷದೊಳಗಿನ ಶಿಶುಗಳಿಗೆ ತಾಯಿಹಾಲಿನ ಬದಲಾಗಿ ಮೇಕೆಹಾಲು ಸೂಕ್ತವಲ್ಲ. ಸಹಕಾರ ಸಂಘಕ್ಕೆ ಹಾಕುವ ಹಸು, ಎಮ್ಮೆ ಹಾಲಿಗೆ ಇದನ್ನು ಬೆರೆಸಬಾರದು. ಆದುದರಿಂದ ಮೇಕೆ ಖರೀದಿಗೆ ಮುನ್ನವೇ ಹಾಲು ಕೊಳ್ಳುವವರನ್ನು ಗುರುತಿಸಿಕೊಳ್ಳುವುದು.

6. ನೆರವು: 2021ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಮೇಕೆ ತಳಿ ಸಂವರ್ಧನಾ ಘಟಕಗಳಿಗೆ ಶೇ. 50ರ ಬಂಡವಾಳ ಸಹಾಯಧನವಿದ್ದು, ಕನಿಷ್ಠ ಘಟಕ 100 ಹೆಣ್ಣು ಮತ್ತು 5 ಗಂಡು ಮೇಕೆಗಳದ್ದಾಗಿರುತ್ತದೆ. ನಾಲ್ಕಾರು ಮೇಕೆ ಸಾಕುವವರಿಗೆ ಇದು ಅನ್ವಯಿಸುವುದಿಲ್ಲ. ಅಂತಹವರು ಮೇವು, ಔಷಧೋಪಚಾರ ಮುಂತಾದ ನಿರ್ವಹಣಾ ವೆಚ್ಚಕ್ಕಾಗಿ ಬ್ಯಾಂಕಿನಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲಕ್ಕೆ ಅರ್ಜಿ ಸಲ್ಲಿಸಬಹುದು.

ಹೆಚ್ಚಿನ ಮಾಹಿತಿಗಾಗಿ ಹತ್ತಿರದ ಪಶುವೈದ್ಯಕೀಯ ಸಂಸ್ಥೆಯನ್ನು ಸಂಪರ್ಕಿಸಲು ಕೋರಿದೆ.