ಅಳಿದ ದಾರಿಗಳು ಹಳೆಯ ಫಿಲ್ಮಿನಲ್ಲಿ ಉಳಿದಿವೆ

ಈಗಿನ ವಾಣಿಜ್ಯ ಉಪಗ್ರಹಗಳು ನೆಲದ ಮೇಲಿನ 30 ಸೆಂಟಿಮೀಟರಿನಷ್ಟು ಸಣ್ಣ ವಿವರವನ್ನೂ ತೋರಿಸುತ್ತವೆ. ಹೀಗಿರುವಾಗ ಪುರಾತತ್ವಜ್ಞರು ಅರವತ್ತರ ದಶಕದ ಕಪ್ಪುಬಿಳುಪು ಫಿಲ್ಮನ್ನು ಏಕೆ ತಡಕಾಡುತ್ತಾರೆ ಎಂದು ಕೇಳುವವರಿದ್ದಾರೆ. ಚಿತ್ರ ಸ್ಪಷ್ಟವಾದಷ್ಟೂ ತಿಳಿವಳಿಕೆ ಹೆಚ್ಚುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ಟ್ರಾಕ್ಟರ್ ಉತ್ತು ಸಮಮಾಡಿದ ದಿಬ್ಬವನ್ನು ಎಂಥ ಕ್ಯಾಮೆರಾ ತಾನೇ ತೋರಿಸೀತು? ಪ್ರಾಚೀನ ಕಮಾಜೀನ್ ರಾಜ್ಯದ ರಾಜಧಾನಿ ಸಮೋಸಾಟ ಟರ್ಕಿಯ ಅತಾತುರ್ಕ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಅಲ್ಲಿ ಇಂದು ಎಷ್ಟೇ ಚೊಕ್ಕವಾದ ಚಿತ್ರ ತೆಗೆದರೂ ಕಾಣುವುದು ನೀರೇ. ಬದಲಾದ ನೆಲವನ್ನು ಓದುವವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಚಿತ್ರ ತೆಗೆದ ತಾರೀಖು.

ಆ ತಾರೀಖನ್ನು ಒದಗಿಸಿದ್ದು ಶೀತಲ ಸಮರ. ಸೋವಿಯತ್ ಕ್ಷಿಪಣಿ ನೆಲೆಗಳನ್ನು ಹುಡುಕಲು ಅಮೆರಿಕ 1960ರಿಂದ 1972ರವರೆಗೆ 'ಕರೋನಾ' ಎಂಬ ಬೇಹು ಉಪಗ್ರಹಗಳನ್ನು ನಡೆಸಿತು. ತುಂಬಿದ ಫಿಲ್ಮ್ ಸುರುಳಿ ಕ್ಯಾಪ್ಸೂಲಿನಲ್ಲಿ ಭೂಮಿಗೆ ಬೀಳುತ್ತಿತ್ತು. ಪ್ಯಾರಾಚೂಟಿನಲ್ಲಿ ತೇಲಿ ಬರುತ್ತಿದ್ದ ಅದನ್ನು ವಿಮಾನವೊಂದು ಪೆಸಿಫಿಕ್ ಸಾಗರದ ಮೇಲೆ, ಗಾಳಿಯಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು! 1995ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಿಂದ 8 ಲಕ್ಷ 60 ಸಾವಿರಕ್ಕೂ ಹೆಚ್ಚು ಬೇಹು ಚಿತ್ರಗಳು ಬಹಿರಂಗವಾದವು. ಕರೋನಾದ ಕೊನೆಯ ಮಾದರಿಯ ಕ್ಯಾಮೆರಾ 2 ಮೀಟರಿಗಿಂತ ತುಸು ಚಿಕ್ಕ ವಿವರವನ್ನೂ ಹಿಡಿದಿದೆ. ದಿಬ್ಬ, ಕಾಲುವೆ, ಕೋಟೆಗಳನ್ನು ಗುರುತಿಸಲು ಅಷ್ಟು ಧಾರಾಳ.

ಈ ಚಿತ್ರಗಳು ಏನನ್ನು ಉಳಿಸಿಕೊಂಡಿವೆ ಎಂಬುದಕ್ಕೆ ಈಶಾನ್ಯ ಸಿರಿಯಾದ ಟೆಲ್ ಬ್ರಾಕ್ ಸಾಕ್ಷಿ. ಮಣ್ಣಿಟ್ಟಿಗೆಯ ಮನೆಗಳು ಕುಸಿದು, ಅವುಗಳ ಮೇಲೆಯೇ ಮತ್ತೆ ಮನೆಗಳೆದ್ದು, ಸಾವಿರಾರು ವರ್ಷಗಳಲ್ಲಿ 40 ಮೀಟರಿಗೂ ಎತ್ತರ ಬೆಳೆದ ದಿಬ್ಬ ಅದು. ಕರೋನಾ ಚಿತ್ರದಲ್ಲಿ ಅದರ ಸುತ್ತ ಚಕ್ರದ ಅರಗಳಂತೆ ಕಪ್ಪು ಗೆರೆಗಳು ಹರಡಿವೆ. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಜನ ಮತ್ತು ಕುರಿಮೇಕೆ ತುಳಿದು ತುಳಿದು ತಗ್ಗಾದ ದಾರಿಗಳಿವು. ಅಗಲ 50 ಮೀಟರಿಗೂ ಮಿಗಿಲು, ಆಳ ಮಾತ್ರ ಒಂದೆರಡು ಮೀಟರು. ಹಾಗಾಗಿ ಅದರೊಳಗೇ ನಿಂತವರಿಗೂ ದಾರಿಯೆಂದು ಗೊತ್ತಾಗುವುದು ಕಷ್ಟ. ತಗ್ಗಿನಲ್ಲಿ ತೇವ ನಿಲ್ಲುತ್ತದೆ, ಹುಲ್ಲು ಹುಲುಸಾಗುತ್ತದೆ, ಮೇಲಿನಿಂದ ಅದು ಕಪ್ಪಾಗಿ ಕಾಣುತ್ತದೆ. ಜೇಸನ್ ಉರ್ ಎಂಬ ಪುರಾತತ್ವಜ್ಞ ಈ ಜಾಲವನ್ನು ಗೆರೆಗೆರೆಯಾಗಿ ನಕ್ಷೆಗಿಳಿಸಿದ್ದಾರೆ. ಬೆರಗಿನ ಸಂಗತಿಯೆಂದರೆ, ಈ ದಾರಿಗಳಲ್ಲಿ ಬಹುಪಾಲು ಊರಿನಿಂದ 3ರಿಂದ 5 ಕಿಲೋಮೀಟರ್ ಹೋಗಿ ಮಾಯವಾಗುತ್ತವೆ. ಏಕೆ? ಊರ ಹತ್ತಿರ ಎರಡೂ ಬದಿಗೆ ಬೆಳೆ ನಿಂತಿರುತ್ತದೆ, ಮಂದೆಯನ್ನು ಓಣಿಯೊಳಗೇ ಹೊಡೆದುಕೊಂಡು ಹೋಗಬೇಕು. ಹೊಲದ ಅಂಚು ದಾಟಿದರೆ ಬಯಲು. ಮಂದೆ ಚದುರುತ್ತದೆ, ನೆಲ ಸವೆಯುವುದಿಲ್ಲ. ದಾರಿ ಮುಗಿದಲ್ಲಿ ಹೊಲವೂ ಮುಗಿದಿತ್ತು! 4,500 ವರ್ಷಗಳ ಹಿಂದೆ ಒಂದು ಊರು ಎಷ್ಟು ದೂರದವರೆಗೆ ಉಳುತ್ತಿತ್ತೆಂಬುದನ್ನು, ಯಾವ ಶಾಸನವೂ ಇಲ್ಲದೆ, ಹೀಗೆ ಅಳೆಯಬಹುದು. ಇವು ಬರೀ ಹಳ್ಳಗಳಿರಬಾರದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ; ಮಳೆನೀರು ಹರಿದು ತಗ್ಗು ಇನ್ನಷ್ಟು ಆಳವಾಗಿರಲೂಬಹುದು. ಆದರೆ ನೀರು ಇಳಿಜಾರು ಹಿಡಿಯುತ್ತದೆ. ಈ ಗೆರೆಗಳು ಏರನ್ನೂ ಲೆಕ್ಕಿಸದೆ ದಿಬ್ಬದಿಂದ ನೇರ ಸಾಗುತ್ತವೆ, ಕೆಲವು ಮತ್ತೊಂದು ದಿಬ್ಬದವರೆಗೂ.

ಮೇಲಿನಿಂದ ಕಂಡದ್ದೆಲ್ಲ ಸತ್ಯವೆಂದು ಹಿಗ್ಗುವವರನ್ನು ಮಾತ್ರ ತಡೆಯಲೇಬೇಕು. 'ಉಪಗ್ರಹ ಪತ್ತೆಹಚ್ಚಿದ ಮಾಯಾನಗರಿ' ಎಂದು ಹಬ್ಬುವ ಸುದ್ದಿಗಳು ಈ ವಿದ್ಯೆಗೆ ಮಾಡುವ ಅನ್ಯಾಯ ಸಣ್ಣದಲ್ಲ. ಉದಾಹರಣೆಗೆ, ಪಾದ್ರಿ ಆಂತ್ವಾನ್ ಪ್ವಾದೆಬಾರ್ ವಿಮಾನದಿಂದ ಸಿರಿಯಾದ ಮರುಭೂಮಿಯನ್ನು ಜಾಲಾಡಿ 116 ರೋಮನ್ ಕೋಟೆಗಳನ್ನು 1934ರಲ್ಲಿ ಪ್ರಕಟಿಸಿದರು. ಉತ್ತರ-ದಕ್ಷಿಣವಾಗಿದ್ದ ಆ ಸಾಲನ್ನು ಶತ್ರುಗಳನ್ನು ತಡೆಯುವ ಗಡಿರಕ್ಷಣೆಯೆಂದು ಓದಿದರು. ಪುರಾತತ್ವಜ್ಞ ಜೆಸ್ಸಿ ಕಸಾನಾ ಮತ್ತು ಸಂಗಡಿಗರು ಕರೋನಾ ಚಿತ್ರಗಳನ್ನೂ ಅದರ ನಂತರದ ಹೆಕ್ಸಗನ್ ಉಪಗ್ರಹಗಳ ಚಿತ್ರಗಳನ್ನೂ ಇಡೀ ಸೀಮೆಗೆ ಹರಡಿ ನೋಡಿ, ದಾಖಲೆಯಲ್ಲಿಲ್ಲದ ಇನ್ನೂ 396 ಕೋಟೆಗಳನ್ನು 2023ರಲ್ಲಿ ಮುಂದಿಟ್ಟರು. ಅವು ಪೂರ್ವ-ಪಶ್ಚಿಮವಾಗಿ ಚೆಲ್ಲಿಕೊಂಡಿದ್ದವು. ಗೋಡೆಗಿಂತ, ಸಾರ್ಥಗಳು ಸಾಗುವ ದಾರಿಗೆ ಒಪ್ಪುವ ಹಂಚಿಕೆ ಅದು. ಪ್ವಾದೆಬಾರ್ ತಾವು ಹಾರಿದ ಪಟ್ಟಿಯಲ್ಲಿ ಕಂಡದ್ದನ್ನು ಬರೆದಿದ್ದರು, ಬೇಹು ಕ್ಯಾಮೆರಾಕ್ಕೆ ರೋಮಿನ ಬಗ್ಗೆ ಯಾವ ಊಹೆಯೂ ಇರಲಿಲ್ಲ. ಹಾಗೆಂದು ಈ ಕೋಟೆಗಳನ್ನು ಕಟ್ಟಿದ ಶತಮಾನವನ್ನು ಫಿಲ್ಮು ಹೇಳಲಾರದು. ಅದಕ್ಕೆ ನೆಲ ಅಗೆದು ಮಡಕೆ ಚೂರು, ನಾಣ್ಯ ಹುಡುಕಬೇಕು. ಆ ಕೆಲಸಕ್ಕೆ ಉಳಿದಿರುವ ಸಮಯ ಕಡಿಮೆ. ಚಿತ್ರದಲ್ಲಿ ಚೌಕಾಕಾರವಾಗಿ ನಿಚ್ಚಳವಾಗಿರುವ ಕೋಟೆಗಳಲ್ಲಿ ಹಲವು ಆಗಲೇ ನೇಗಿಲಿಗೂ ಕಟ್ಟಡಕ್ಕೂ ತುತ್ತಾಗಿವೆ.